ಉಪ್ಪು ಕೇಳಿದ ಕನಸು

ಬಾದಾಮಿ ಕೊಲ್ಲಿ ಹೋಟೆಲ್, ಕ್ಯಾರಿಯಾಕೂ ದ್ವೀಪ
೩ ಫೆಬ್ರವರಿ ೧೯೯೭

ತಮ್ಮಾ ಕ್ಯಾನ್ಯೂಟ್,

ನಾನು ಜಿಲ್ಮಾ, ನಿನ್ನ ಅಕ್ಕ. ಮರೆತಿದ್ದರೆ ನೆನಪಿಸಿಕೊ. ಫೋನ್ ಮಾಡಿದರೆ "ಲೈನ್ ಸರಿ ಇಲ್ಲ ಅಕ್ಕಾ" ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಲೈನಿನ ಕಾಟವಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಲ್ಸ್ಟನ್‌ನ ಗೋರಿಕಲ್ಲು ಬಂತು. ಶನಿವಾರದ ದೋಣಿಯಲ್ಲಿ, ಗ್ರೆನೇಡಾದಿಂದ. ನಾಲ್ಕು ಜನ ಹೊತ್ತು ತಂದು ಮೂರನೇ ಕೋಣೆಯ ಮಂಚದ ಮೇಲೆ ಮಲಗಿಸಿದರು. ನನ್ನ ಅತ್ತೆ ಐವೊರೀನ್ ಅದಕ್ಕೆ ಬಿಳಿ ದುಪ್ಪಟಿ ಹೊದಿಸಿ, ದಿಂಬು ಸರಿಮಾಡಿ, "ಮಲ್ಕೋ ಮಗಾ, ದಣಿದು ಬಂದಿದೀಯ" ಎಂದರು. ಮೊನ್ನೆ ಡೈವಿಂಗ್‌ಗೆಂದು ಬಂದಿಳಿದ ಜರ್ಮನ್ ದಂಪತಿ ತಮ್ಮ ಕೋಣೆ ಎಂದುಕೊಂಡು ಆ ಬಾಗಿಲು ತೆಗೆದವರು, ಯಾರೋ ಮಲಗಿದ್ದಾರೆಂದು ತುದಿಗಾಲಲ್ಲಿ ಹಿಂದೆ ಬಂದರು. ಸಂಜೆ ಆ ಹೆಂಗಸು ನನ್ನನ್ನು ಕೇಳಿದಳು, "ಆ ಯಜಮಾನ್ರು ಊಟಕ್ಕೂ ಏಳಲ್ವಲ್ಲ, ಹುಷಾರಿಲ್ವಾ?" "ಅವ್ರು ನಮ್ಮ ಯಜಮಾನ್ರೇ, ಎಂಟು ವರ್ಷದಿಂದ ಎದ್ದಿಲ್ಲ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನು ಅಡುಗೆಮನೆಗೆ ಹೋಗಿ ಹೊಟ್ಟೆ ಹಿಡಿದು ನಕ್ಕೆ, ಆಮೇಲೆ ಅಲ್ಲೇ ಕೂತು ಕಣ್ಣೀರು ಹಾಕಿದೆ.

ಹೆಣ ಸಿಗದವನಿಗೆ ಗೋರಿ ಎಲ್ಲಿ? ದಂಡೆಯ ತುದಿಯ ಬಾದಾಮಿ ಮರದ ಕೆಳಗೆ ಕಲ್ಲು ನಿಲ್ಲಿಸೋಣ ಎಂದಿದ್ದೇವೆ. ಆದರೆ ಸತ್ತವನು ಮನೆಯವರಲ್ಲಿ ಯಾರ ಕನಸಿಗಾದರೂ ಬಂದು ಕೇಳದೆ ಕಲ್ಲು ಏಳುವ ಹಾಗಿಲ್ಲ, ನಿನಗೆ ಗೊತ್ತೇ ಇದೆ. "ಕೇಳದೆ ನಿಲ್ಸಿದ್ರೆ ಮಗನ ಮುಖಕ್ಕೆ ಬಾಗ್ಲು ಹಾಕಿದ ಹಾಗೆ" ಎಂಬುದು ಅತ್ತೆಯ ಮಾತು. ಅವರಿಗೀಗ ಎಂಬತ್ತನಾಲ್ಕು. ಕಲ್ಲು ನಿಂತಿದ್ದನ್ನು ಕಂಡೇ ಕಣ್ಣು ಮುಚ್ಚುತ್ತೇನೆ ಎನ್ನುತ್ತಾರೆ. ಆದರೆ ಆಲ್ಸ್ಟನ್ ಅವರ ಕನಸಿಗೆ ಬಂದಿಲ್ಲ, ನನ್ನ ಕನಸಿಗೂ ಬಂದಿಲ್ಲ. ಮೀನು ಮಾರುವ ವೆರ್ನಿಸ್ ಇದ್ದಾಳಲ್ಲ, ಅವಳ ಗಂಡ ಸತ್ತ ಒಂಬತ್ತನೇ ದಿನಕ್ಕೇ ಕನಸಲ್ಲಿ ಬಂದು "ನನ್ನ ಪೈಪ್ ಎಲ್ಲೇ?" ಎಂದನಂತೆ. ಬದುಕಿದ್ದಾಗ ದಿನಾ ಹೊಡೆಯುತ್ತಿದ್ದ ಗಂಡ! ನನಗೆ ಹೊಟ್ಟೆಕಿಚ್ಚಾಗುತ್ತದೆ.

ಹಾಳು ಕಬ್ಬಿಣದ ಲಂಗರಿಗಾಗಿ ಮತ್ತೆ ಸಮುದ್ರದ ತಳಕ್ಕೆ ಹೋದ ಮನುಷ್ಯ, ನೀನೇ ಹೇಳಿದ ಹಾಗೆ. ಅವನಿಗೆ ಹೆಂಡತಿಯ ಕನಸಿಗೆ ಬರಲು ಪುರುಸೊತ್ತೆಲ್ಲಿ? ಡೈವಿಂಗಿನ ಗಾಳಿ ಸಿಲಿಂಡರುಗಳಲ್ಲಿ ಏಳನೇ ನಂಬರಿನದು ಇನ್ನೂ ಶೆಡ್ಡಿನ ಮೂಲೆಯಲ್ಲಿ ನಿಂತಿದೆ. ಯಾರಿಗೂ ಕೊಡುವುದಿಲ್ಲ.

ಅವನ ಜೊತೆ ಕೊನೆಯ ಸಲ ನೀರಿಗಿಳಿದವನು ನೀನು. ನಿನ್ನ ಕನಸಿಗೇನಾದರೂ ಬಂದಿದ್ದಾನಾ?

ನಿನ್ನ ಅಕ್ಕ
ಜಿಲ್ಮಾ


ಹಡರ್ಸ್‌ಫೀಲ್ಡ್, ಇಂಗ್ಲೆಂಡ್
೨೬ ಫೆಬ್ರವರಿ ೧೯೯೭

ಅಕ್ಕಾ,

ಕಾಗದ ತಲುಪಿತು. ಇಲ್ಲಿ ಚಳಿ. ನಾನು ಈಗಲೂ ಪುರಸಭೆಯ ಈಜುಕೊಳದಲ್ಲೇ ಕೆಲಸ ಮಾಡುತ್ತಿದ್ದೇನೆ. ನೆಲ ಒರೆಸುತ್ತೇನೆ, ನೀರಿಗೆ ಔಷಧಿ ಹಾಕುತ್ತೇನೆ, ಮಕ್ಕಳು ಮರೆತುಹೋದ ಟವೆಲ್ಲುಗಳನ್ನು ಮಡಿಸಿಡುತ್ತೇನೆ. ನೀರಿಗೆ ಇಳಿಯುವುದಿಲ್ಲ. "ದ್ವೀಪದೋನು, ಈಜೋಕ್ಕೆ ಬರಲ್ವೇನೋ?" ಎಂದು ಜೊತೆಯವರು ಹಾಸ್ಯ ಮಾಡುತ್ತಾರೆ. ಬರುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ.

ಕಲ್ಲು ಬಂದಿದ್ದು ಒಳ್ಳೆಯದಾಯಿತು. ಐವೊರೀನಮ್ಮನಿಗೆ ನನ್ನ ನಮಸ್ಕಾರ ಹೇಳು.

ಇಲ್ಲಿ ಕನಸುಗಳು ಬೀಳುವುದಿಲ್ಲ ಅಕ್ಕಾ. ಕಿಟಕಿಗಳನ್ನು ಮುಚ್ಚಿಕೊಂಡು ಮಲಗುತ್ತೇವಲ್ಲ, ಅದಕ್ಕೇ ಇರಬೇಕು.

ಕ್ಯಾನ್ಯೂಟ್


ಬಾದಾಮಿ ಕೊಲ್ಲಿ
೧೭ ಮಾರ್ಚ್ ೧೯೯೭

ತಮ್ಮಾ,

ಬಂದ! ಕೊನೆಗೂ ಬಂದ. ನಿನ್ನ ಕಿಟಕಿ ಮುಚ್ಚಿದ್ದರೆ ನನ್ನದು ತೆರೆದೇ ಇತ್ತು.

ಮುಂಬಾಗಿಲಿನಿಂದ ಬಂದ. ಅದೇ ಕೆಂಪು ಅಂಗಿ, ಕೂದಲು ಒಣಗಿ ನೀಟಾಗಿ ಬಾಚಿತ್ತು. ವರಾಂಡದ ಕುರ್ಚಿ ಎಳೆದುಕೊಂಡು ಕೂತು, "ಜಿಲ್ಮಾ, ಹಸಿವಾಗ್ತಿದೆ, ಎರಡು ಉಪ್ಪುಮೀನು ಹುರಿದು ಕೊಡೇ" ಎಂದ. ತಿಂದು ಬೆರಳು ನೆಕ್ಕಿ, "ಇನ್ನು ನನ್ನ ಕಲ್ಲು ನಿಲ್ಸು. ಕ್ಯಾನ್ಯೂಟ್ ಬರ್ಲಿ, ಅವನೇ ಒಂದು ತುದಿ ಹಿಡೀಬೇಕು" ಎಂದು ಎದ್ದುಹೋದ. ಎಷ್ಟು ಸ್ಪಷ್ಟವಾಗಿತ್ತೆಂದರೆ ಅವನ ಬೆರಳ ಮೇಲಿನ ಎಣ್ಣೆಯೂ ಕಾಣುತ್ತಿತ್ತು.

ಇನ್ನು ನಿನ್ನ ಸಬೂಬು ನಡೆಯುವುದಿಲ್ಲ. ಸತ್ತವನೇ ಹೆಸರು ಹಿಡಿದು ಕರೆದಿದ್ದಾನೆ. ಮಳೆ ಹಿಡಿಯುವ ಮೊದಲು ಬಾ. ಕಲ್ಲು ನಿಲ್ಲಿಸುವ ದಿನದ ಊಟಕ್ಕೆ ಮುಸುಕಿನ ಜೋಳ, ತೊಗರಿಕಾಳು ತೆಗೆದಿಟ್ಟಿದ್ದೇನೆ. ಎರಡು ಆಡಿಗೆ ಮಾತಾಡಿಟ್ಟಿದ್ದೇನೆ. ಡೋಲು ಬಾರಿಸುವವರಿಗೆ ಹೇಳಿದ್ದೇನೆ. ನೀನೊಬ್ಬ ಬಾಕಿ.

ಜಿಲ್ಮಾ


ಹಡರ್ಸ್‌ಫೀಲ್ಡ್
೮ ಏಪ್ರಿಲ್ ೧೯೯೭

ಅಕ್ಕಾ,

ಸಂತೋಷ.

ಅವನು ನಿಜವಾಗಿಯೂ ಒಣಗಿದ ಕೂದಲಲ್ಲಿ ಬಂದನೇ? ಉಪ್ಪುಮೀನನ್ನೇ ಕೇಳಿದನೇ? ಐವೊರೀನಮ್ಮನಿಗೆ ಇದನ್ನು ಇದೇ ಮಾತಿನಲ್ಲಿ ಹೇಳಿದೆಯಾ?

ರಜೆ ಸಿಗುವುದು ಕಷ್ಟ. ನನಗಾಗಿ ಕಾಯಬೇಡ.

ಕ್ಯಾನ್ಯೂಟ್


ಬಾದಾಮಿ ಕೊಲ್ಲಿ
೨೯ ಏಪ್ರಿಲ್ ೧೯೯೭

ಕ್ಯಾನ್ಯೂಟ್,

ಹೇಳಿದೆ. ಅದೇ ಮಾತಿನಲ್ಲೇ ಹೇಳಿದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಆಲ್ಸ್ಟನ್ ಬರಲಿಲ್ಲ ಕಣೋ. ನಾನೇ ಕಟ್ಟಿದ ಕನಸು ಅದು. ಕಲ್ಲು ಮಂಚದ ಮೇಲೆ ಬಿದ್ದುಕೊಂಡಿದೆ, ಅತ್ತೆ ದಿನದಿನಕ್ಕೆ ಕುಗ್ಗುತ್ತಿದ್ದಾರೆ, ನೀನು ಬರುವುದಿಲ್ಲ. ಒಂದು ಸುಳ್ಳು ಕನಸಿನಿಂದ ಯಾರಿಗೇನು ನಷ್ಟ ಎಂದುಕೊಂಡೆ. ಅವನಿಗೆ ಉಪ್ಪುಮೀನು ಇಷ್ಟ ತಾನೇ, ಅದನ್ನೂ ಸೇರಿಸಿದೆ. ಸತ್ತವರ ಎಲೆಗೆ ಉಪ್ಪು ಹಾಕುವುದಿಲ್ಲ ಎನ್ನುವುದು ಈ ದ್ವೀಪದ ಕೂಸಿಗೂ ಗೊತ್ತು. ನನ್ನ ಕೈಯಿಂದಲೇ ಎಷ್ಟು ಸಲ ಉಪ್ಪಿಲ್ಲದ ಅನ್ನ ಬೇಯಿಸಿ ಹಿರಿಯರಿಗೆ ಇಟ್ಟಿದ್ದೇನೆ! ಆ ಹೊತ್ತಿಗೆ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಅತ್ತೆ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. ಆಮೇಲೆ, "ಉಪ್ಪು ಕೇಳಿದ್ನಾ? ತಿಂದ್ನಾ?" ಎಂದರು. ತಿಂದ ಎಂದೆ. "ಹಾಗಾದ್ರೆ ನನ್ನ ಮಗ ಸತ್ತಿಲ್ಲ ಕಣೇ! ಸತ್ತೋರು ಉಪ್ಪು ಮುಟ್ಟಲ್ಲ. ಅಯ್ಯೋ ಹುಚ್ಚಿ, ಬದುಕಿರೋನಿಗೆ ಕಲ್ಲು ತರ್ಸಿದೀಯಲ್ಲೇ!" ಎಂದು ಎದ್ದು ನಿಂತುಬಿಟ್ಟರು. ಎರಡು ವರ್ಷದಿಂದ ಕೋಲಿಲ್ಲದೆ ಏಳದವರು.

ಈಗ ದಿನಾ ಬೆಳಿಗ್ಗೆ ದೋಣಿ ನಿಲ್ಲುವ ಜೆಟ್ಟಿಗೆ ಹೋಗಿ ಕೂರುತ್ತಾರೆ. ನಮ್ಮ ಡೈವಿಂಗ್ ದೋಣಿ ಹೊರಟಾಗ ಅತಿಥಿಗಳ ಕೈ ಹಿಡಿದು, "ಅಲ್ಲಿ ನನ್ನ ಮಗ ಸಿಕ್ಕಿದ್ರೆ ಅಮ್ಮ ಕಾಯ್ತಿದಾಳೆ ಅನ್ನಿ" ಎನ್ನುತ್ತಾರೆ. ಅವರಿಗೆ ಭಾಷೆ ಬಾರದು. ನಕ್ಕು ತಲೆ ಆಡಿಸುತ್ತಾರೆ. ಆ ತಲೆ ಆಡಿಸಿದ್ದೇ ಅತ್ತೆಗೆ ಆಸೆ. ಕೆಂಪು ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದಾರೆ. ಊಟದ ಮೇಜಿನಲ್ಲಿ ಅವನ ತಟ್ಟೆ ಹಾಕಿಸುತ್ತಾರೆ, ಉಪ್ಪಿನ ಬಟ್ಟಲು ಪಕ್ಕದಲ್ಲಿ. ಅವನು ಬಂದು ಕೂರದೆ ತಾವು ತುತ್ತು ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಮಧ್ಯಾಹ್ನ ಕೈಮುಗಿದು ಎರಡು ಚಮಚ ಗಂಜಿ ಕುಡಿಸುತ್ತೇನೆ, ಅಷ್ಟೇ.

ನಾನು ಸುಳ್ಳು ಹೇಳಿದೆ ಎಂದು ಅವರ ಕಾಲು ಹಿಡಿದು ಒಪ್ಪಿಕೊಂಡೆ. ನಂಬಲಿಲ್ಲ. "ಕಲ್ಲಿಗೆ ದುಡ್ಡು ಕೊಟ್ಟೆನಲ್ಲಾ ಅಂತ ಈಗ ಮಾತು ತಿರುಗಿಸ್ತಿದೀಯಾ?" ಎಂದರು. ನನ್ನ ಬಾಯಿಂದ ಹೊರಟಿದ್ದು ನನ್ನ ಬಾಯಿಗೆ ಮರಳುವುದಿಲ್ಲ ತಮ್ಮಾ. ಇನ್ನೊಬ್ಬರ ಕನಸು ಬೇಕು. ನಿಜವಾದದ್ದು.

ನೀನು "ನಿಜವಾಗಿಯೂ ಒಣಗಿದ ಕೂದಲಲ್ಲಿ ಬಂದನೇ" ಎಂದು ಯಾಕೆ ಕೇಳಿದೆ? ಅದನ್ನು ಹತ್ತು ಸಲ ಓದಿದೆ. ಅವನ ಕೂದಲು ಒದ್ದೆ ಇರುತ್ತದೆಂದು ನಿನಗೆ ಯಾರು ಹೇಳಿದರು?

ಬಂದಿದ್ದರೆ ಹೇಳು. ಬಂದಿಲ್ಲವಾದರೆ ಸುಳ್ಳಾದರೂ ಬರೆ, ನನಗಿಂತ ಚೆನ್ನಾಗಿ ಬರೆ.

ಜಿಲ್ಮಾ


ಬಾದಾಮಿ ಕೊಲ್ಲಿ
೨೦ ಮೇ ೧೯೯೭

ಕ್ಯಾನ್ಯೂಟ್,

ಮೂರು ವಾರ ಆಯಿತು. ಅಂಚೆಯವನು ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ.

ಅತ್ತೆ ನಿನ್ನೆ ಜೆಟ್ಟಿಯ ಮೇಲೆ ಕುಸಿದುಬಿದ್ದರು. ಮೈಯಲ್ಲಿ ಏನೂ ಇಲ್ಲ, ಹಕ್ಕಿಯನ್ನು ಎತ್ತಿದ ಹಾಗಿತ್ತು. ಎಚ್ಚರವಾದೊಡನೆ ಕೇಳಿದ್ದು, "ದೋಣಿ ಬಂತಾ?" ಹೀಗೇ ಇದ್ದರೆ ಮಳೆಗಾಲ ಕಾಣುವುದಿಲ್ಲ ಎಂದು ನರ್ಸ್ ಹೇಳಿ ಹೋದಳು.

ಇನ್ನು ನಿನಗೆ ಬರೆಯುವುದಿಲ್ಲ.

ಜಿಲ್ಮಾ


ಹಡರ್ಸ್‌ಫೀಲ್ಡ್
೨ ಜೂನ್ ೧೯೯೭

ಅಕ್ಕಾ,

ಇದನ್ನು ಈಜುಕೊಳದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮಕ್ಕಳೆಲ್ಲ ಹೋಗಿಯಾಯಿತು. ನೀರು ಅಲುಗಾಡುತ್ತಿಲ್ಲ. ಹೀಗೆ ನಿಂತ ನೀರಿನ ಮುಂದೆ ಸುಳ್ಳು ಹೇಳುವುದು ನನ್ನಿಂದ ಆಗುವುದಿಲ್ಲ.

ಬರುತ್ತಾನೆ. ಇಲ್ಲಿಗೆ ಬಂದ ಮೊದಲ ವಾರದಿಂದಲೂ ಬರುತ್ತಾನೆ. ಪ್ರತಿ ಸಲ ಒಂದೇ ಕನಸು. ನಾನು ನಮ್ಮ ಹೋಟೆಲಿನ ಹಿತ್ತಲಲ್ಲಿ ನಿಂತಿರುತ್ತೇನೆ. ಬಿಸಿಲು ಇರುತ್ತದೆ, ಆದರೆ ನೆರಳು ಇರುವುದಿಲ್ಲ. ಮೀನುಗಳು ಬಟ್ಟೆ ಒಣಹಾಕುವ ಹಗ್ಗದ ನಡುವೆ ತೂರಿಕೊಂಡು ಹೋಗುತ್ತಿರುತ್ತವೆ, ಅದು ನನಗೆ ವಿಚಿತ್ರ ಅನಿಸುವುದಿಲ್ಲ. ಆಲ್ಸ್ಟನ್ ಹಿಂಬಾಗಿಲ ಬಳಿ ಬಂದು ನಿಲ್ಲುತ್ತಾನೆ. ತಲೆಯಿಂದ ನೀರು ಇಳಿಯುತ್ತಲೇ ಇರುತ್ತದೆ. ಕೈಯಲ್ಲಿ ಆ ನೀಲಿ ಅಂಚಿನ ಬಿಳಿ ಮಗ್ಗು, ಖಾಲಿ. "ಸಿಹಿನೀರು ಕೊಡೋ, ಬಾಯೆಲ್ಲಾ ಉಪ್ಪು" ಎನ್ನುತ್ತಾನೆ. ನಾನು ಮಳೆನೀರಿನ ತೊಟ್ಟಿಯ ಹತ್ತಿರ ಹೋಗುತ್ತೇನೆ. ಬೇಸಿಗೆಯಲ್ಲಿ ಹಾಕುವ ಹಾಗೆ ಮುಚ್ಚಳಕ್ಕೆ ಬೀಗ ಇರುತ್ತದೆ. "ಕೀ ಅವ್ಳ ಹತ್ರ ಇದೆ" ಎನ್ನುತ್ತಾನೆ. "ಹಾಗಾದ್ರೆ ಅವ್ಳನ್ನೇ ಕೇಳೋ ಭಾವಾ" ಎನ್ನುತ್ತೇನೆ. ಆಗ ನಗುತ್ತಾನೆ, ಆ ಸೋರುವ ಮುಖದಲ್ಲೇ. "ಹೇಗೆ ಹೋಗ್ಲಿ? 'ಸಮುದ್ರದಲ್ಲೇ ಇರು, ಮನೆಗ್ ಬರ್ಬೇಡ' ಅಂದಿದಾಳೆ ನಿನ್ನಕ್ಕ. ಅವಳಾಗಿ ಕರೀಲಿ" ಎನ್ನುತ್ತಾನೆ. ಅಲ್ಲಿಗೆ ಎಚ್ಚರವಾಗುತ್ತದೆ. ಈ ಮಾತಿನ ಅರ್ಥ ನನಗೆ ಎಂಟು ವರ್ಷದಿಂದಲೂ ಆಗಿಲ್ಲ. ನೀನು ಹಾಗೆಲ್ಲಾ ಅನ್ನುವವಳಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಕನಸು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಅವನು ಲಂಗರಿಗಾಗಿ ಮತ್ತೆ ಹೋಗಲಿಲ್ಲ ಅಕ್ಕಾ. ಹಿಂದಿನ ದಿನ ವಿಂಡ್‌ವರ್ಡ್ ಹಳ್ಳಿಯಲ್ಲಿ ಹೊಸ ದೋಣಿ ನೀರಿಗಿಳಿಸಿದ ಹಬ್ಬ. ನಾನು ಮೂಗಿನ ತನಕ ರಮ್ ಕುಡಿದಿದ್ದೆ. ಬೆಳಿಗ್ಗೆ ನೀನು ಗಾಳಿ ತುಂಬಿಸಿ ಸೀಮೆಸುಣ್ಣದ ಗುರುತು ಹಾಕಿದ ಸಿಲಿಂಡರನ್ನೇ ಎತ್ತಿಕೊಳ್ಳಬೇಕಿತ್ತು. ನಾನು ನೋಡಲೇ ಇಲ್ಲ, ಕೈಗೆ ಸಿಕ್ಕಿದ ಹನ್ನೊಂದನೇ ನಂಬರಿನದನ್ನು ಹೊತ್ತೆ. ಅದು ಅರ್ಧವೂ ಇರಲಿಲ್ಲ. ಕೊಡಲಿ ಬಂಡೆಯ ಕೆಳಗೆ, ನಲವತ್ತು ಮೀಟರಿನಲ್ಲಿ, ಲಂಗರು ಬಿಡಿಸುತ್ತಿರುವಾಗ ಉಸಿರು ನಿಂತಿತು. ಅವನ ಕಡೆ ತಿರುಗಿ, ಗಾಳಿ ಮುಗಿಯಿತು ಎಂದು ಕುತ್ತಿಗೆಯ ಮೇಲೆ ಕೈ ಆಡಿಸಿದೆ. ಅವನು ತನ್ನ ಉಸಿರಿನ ಕೊಳವೆಯನ್ನು ಬಾಯಿಂದ ತೆಗೆದು ನನ್ನ ಬಾಯಿಗಿಟ್ಟ. ಒಂದು ಉಸಿರು ನನಗೆ, ಒಂದು ಅವನಿಗೆ. ಹಾಗೆ ಸ್ವಲ್ಪ ಮೇಲೆ ಬಂದೆವು. ಸೆಳೆತ ಜೋರಾಯಿತು. ನಾನು ಹೆದರಿ ಒದ್ದಾಡಿದೆ, ಅವನಿಗೆ ವಾಪಸು ಕೊಡುವುದನ್ನೇ ಮರೆತೆ. ಅವನು ಕಿತ್ತುಕೊಳ್ಳಲಿಲ್ಲ. ನನ್ನ ಖಾಲಿ ಸಿಲಿಂಡರ್ ಬಿಚ್ಚಿ ಬಿಟ್ಟ. ತನ್ನ ಬೆನ್ನಿನ ಪಟ್ಟಿ ಬಿಚ್ಚಿ, ಸಿಲಿಂಡರನ್ನು ನನ್ನ ತೋಳುಗಳ ನಡುವೆ ಇಟ್ಟು, ಮಗುವಿನ ಬೆನ್ನು ತಟ್ಟುವ ಹಾಗೆ ಅದರ ಮೇಲೆ ಎರಡು ಸಲ ತಟ್ಟಿದ. ಮೇಲೆ ಹೋಗು ಎಂದು ಹೆಬ್ಬೆರಳು ತೋರಿಸಿದ. ಬರಿಮೈಯಲ್ಲಿ ಮೇಲಕ್ಕೆ ಕಾಲು ಬಡಿದ. ಸೆಳೆತ ಅವನನ್ನು ಪಕ್ಕಕ್ಕೆ ಒಯ್ದಿತು. ಕೊನೆಗೆ ಕಂಡಿದ್ದು ಅಂಗಾಲು.

ದೋಣಿಯಲ್ಲಿ ಎಲ್ಲರೂ ಕೇಳಿದಾಗ ಬಾಯಿಗೆ ಬಂದಿದ್ದು, "ಲಂಗರಿಗೆ ಅಂತ ಮತ್ತೆ ಹೋದ, ಬೇಡ ಅಂದ್ರೂ ಕೇಳ್ಲಿಲ್ಲ." ಅವನನ್ನು ಮೂರ್ಖನನ್ನಾಗಿ ಮಾಡಿ ನಾನು ಬದುಕಿಕೊಂಡೆ.

ಇದನ್ನು ಐವೊರೀನಮ್ಮನಿಗೆ ಓದಿ ಹೇಳು. ಅವರು ಏನು ಶಾಪ ಹಾಕಿದರೂ ಅದು ನನ್ನದೇ.

ಕ್ಯಾನ್ಯೂಟ್


ಬಾದಾಮಿ ಕೊಲ್ಲಿ
೧೯ ಜೂನ್ ೧೯೯೭

ತಮ್ಮಾ,

ಓದಿ ಹೇಳಿದೆ. ಮೊದಲಿಂದ ಕೊನೆಯವರೆಗೆ, ಒಂದು ಅಕ್ಷರ ಬಿಡದೆ. ಅತ್ತೆ ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಮುಗಿಸಿದ ಮೇಲೆ ಕೇಳಿದ್ದು ಒಂದೇ ಮಾತು.

"ಬಾಯಾರಿದಾನಾ?"

ಹೌದು ಎಂದೆ.

"ಎಂಟು ವರ್ಷ! ನನ್ನ ಕೂಸು ಎಂಟು ವರ್ಷ ಬಾಯಾರಿ ನಿಂತಿದೆ, ನಾವು ಉಪ್ಪು ಇಡ್ತಿದೀವಿ!" ಎಂದು ಎದೆ ಬಡಿದುಕೊಂಡರು. ಸತ್ತ ಸುದ್ದಿ ಬಂದ ದಿನವೂ ಹಾಗೆ ಅತ್ತಿರಲಿಲ್ಲ. ನಾನು ಪಕ್ಕದಲ್ಲೇ ಕೂತೆ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, "ಕಬ್ಬಿಣಕ್ಕೆ ಸಾಯಲಿಲ್ಲ ಅಲ್ವಾ? ಅಷ್ಟಾದ್ರೂ ಬುದ್ಧಿ ಇತ್ತಲ್ಲ ನನ್ನ ಮಗನಿಗೆ" ಎಂದರು. ಆಮೇಲೆ ಮೇಜಿನ ಮೇಲಿನ ಉಪ್ಪಿನ ಬಟ್ಟಲನ್ನು ತಾವೇ ತೆಗೆದು ಒಳಗಿಟ್ಟು, ಅನ್ನ ಕೇಳಿ ಉಂಡರು. ನಿನಗೆ ಶಾಪ ಹಾಕಲಿಲ್ಲ. "ಆ ಹುಡುಗನ್ನ ಬರೋಕ್ಕೇಳು, ನನ್ನ ಮಗನ ಉಸಿರು ಅವನೊಳಗಿದೆ" ಎಂದರು.

ಈಗ ನನ್ನದು ಕೇಳು.

"ಸಮುದ್ರದಲ್ಲೇ ಇರು, ಮನೆಗ್ ಬರ್ಬೇಡ." ನಾನು ಅಂದದ್ದು ನಿಜ. ಅವತ್ತು ಬೆಳಿಗ್ಗೆ, ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್ ಶೆಡ್ಡಿನಲ್ಲಿ. ಯಂತ್ರ ಓಡುತ್ತಿತ್ತು, ಪಕ್ಕದಲ್ಲಿ ನಿಂತವರಿಗೂ ಕೇಳುವಂತಿರಲಿಲ್ಲ. ಅಲ್ಲಿದ್ದದ್ದು ನಾವಿಬ್ಬರೇ. ಮದುವೆಯ ದಿನವನ್ನು ಮರೆತಿದ್ದಾನೆ ಎಂಬ ಜುಜುಬಿ ಕೋಪ. ಅವನು ನಕ್ಕು ಏಳನೇ ಸಿಲಿಂಡರನ್ನು ಹೆಗಲಿಗೆ ಹಾಕಿಕೊಂಡು ಹೋದ. ಈ ಮಾತನ್ನು ನಾನು ಪಾದ್ರಿಯ ಮುಂದೆಯೂ ಹೇಳಿಲ್ಲ. ನಿನ್ನ ಕಾಗದದಲ್ಲಿ ಅದು ಕಂಡಾಗ ಕೂತಿದ್ದ ಕುರ್ಚಿ ಅಲ್ಲಾಡಿದ ಹಾಗಾಯಿತು. ನಿನ್ನ ಕನಸು ನಿಜ ಎನ್ನಲು ನನಗೆ ಇನ್ನೊಂದು ಸಾಕ್ಷಿ ಬೇಡ. ಅವನು ಕೋಪದಿಂದ ದೂರ ಉಳಿದಿಲ್ಲ. ಹೆಂಡತಿಯ ಮಾತು ಕೇಳಿಕೊಂಡು ಸುಮ್ಮನಿದ್ದಾನೆ, ಬದುಕಿದ್ದಾಗ ಒಂದು ದಿನ ಕೇಳದವನು!

ಇನ್ನೊಂದಿದೆ. ಸಿಲಿಂಡರ್ ತುಂಬುವವಳು ನಾನು, ಮರೆತೆಯಾ? ಅವತ್ತು ಸಂಜೆ ದೋಣಿಯಿಂದ ಇಳಿಸಿದ್ದು ಏಳನೇ ನಂಬರಿನದು. ಬಾರದೇ ಇದ್ದದ್ದು ಹನ್ನೊಂದನೆಯದು. ಅವನದು ಬಂತು, ಅವನು ಬರಲಿಲ್ಲ. ಅವತ್ತೇ ಗೊತ್ತಾಯಿತು ನನಗೆ, ನೀನು ಸುಳ್ಳು ಹೇಳುತ್ತಿದ್ದೀಯ ಎಂದು. ನನ್ನ ತಮ್ಮ ನನ್ನ ಗಂಡನ ಉಸಿರು ಕಿತ್ತುಕೊಂಡು ಮೇಲೆ ಬಂದ ಎಂದುಕೊಂಡೆ. ಎಂಟು ವರ್ಷ ಹಾಗೇ ಅಂದುಕೊಂಡೇ ಅನ್ನ ತಿಂದೆ. ಕೇಳಿಬಿಟ್ಟರೆ ನೀನೂ ನನ್ನ ಪಾಲಿಗೆ ಇಲ್ಲವಾಗುತ್ತೀಯ, ಆಮೇಲೆ ನನಗೆ ಯಾರೂ ಇರುವುದಿಲ್ಲ ಎಂದು ಕೇಳಲಿಲ್ಲ. ಕ್ಷಮಿಸಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ, ಕ್ಷಮಿಸಿರಲಿಲ್ಲ. ಅವನಾಗಿಯೇ ಕೊಟ್ಟ ಎಂದು ಒಂದು ದಿನವೂ ನನಗೆ ಹೊಳೆಯಲಿಲ್ಲವಲ್ಲ. ಅವನ ಹೆಂಡತಿ ನಾನು, ನನಗೇ ಹೊಳೆಯಲಿಲ್ಲ.

ಬಾರೋ. ತೊಟ್ಟಿಯ ಕೀ ನನ್ನ ಜೇಬಿನಲ್ಲಿದೆ.

ನಿನ್ನ ಅಕ್ಕ


ಬಾದಾಮಿ ಕೊಲ್ಲಿ
೧೧ ಆಗಸ್ಟ್ ೧೯೯೭

ತಮ್ಮಾ,

ಇಲ್ಲಿಂದ ಹೊರಟವನು ಕ್ಷೇಮವಾಗಿ ತಲುಪಿದೆ ಎಂದು ಬರೆದ ಕಾಗದ ಬಂತು. ಈಜುಕೊಳಕ್ಕೆ ಇಳಿದೆ ಎಂದು ಓದಿ ಅತ್ತೆ ಚಪ್ಪಾಳೆ ತಟ್ಟಿದರು. ಕಲ್ಲು ಗಟ್ಟಿಯಾಗಿ ನಿಂತಿದೆ. ನೀನು ಹಿಡಿದ ತುದಿ ಸ್ವಲ್ಪ ವಾಲಿದೆ ಎಂದು ಅತ್ತೆ ಬಂದವರಿಗೆಲ್ಲ ತೋರಿಸುತ್ತಾರೆ. ಈಗ ಕೋಲು ಊರಿಕೊಂಡು ಜೆಟ್ಟಿಗಲ್ಲ, ಅಲ್ಲಿಗೆ ಹೋಗುತ್ತಾರೆ.

ಕಲ್ಲು ನಿಲ್ಲಿಸಿದ ಮೇಲೆ ನಾವಿಬ್ಬರೂ ನೀರಿಗಿಳಿದೆವಲ್ಲ, ಕೊಡಲಿ ಬಂಡೆಯ ನೆತ್ತಿಯಲ್ಲಿ ನೀನು ಏನನ್ನೂ ನೋಡಿರಲಾರೆ. ನಿನ್ನ ಮುಖವಾಡದೊಳಗೆ ಆಗಲೇ ಅರ್ಧ ನೀರು ತುಂಬಿತ್ತು, ಅದು ಸಮುದ್ರದ್ದಲ್ಲ. ಅದಕ್ಕೇ ಬರೆಯುತ್ತೇನೆ. ಅವನಿಗೆಂದು ಅತ್ತೆ ತೊಟ್ಟಿಯಿಂದ ತುಂಬಿಸಿಕೊಟ್ಟ ಬಾಟಲಿಯ ಬಿರಡೆ ತೆಗೆದೆನಲ್ಲ, ಬಗ್ಗಿಸಲೇ ಬೇಕಾಗಲಿಲ್ಲ. ಸಿಹಿನೀರು ಹಗುರ, ತಾನಾಗಿಯೇ ಬಾಯಿಂದ ಮೇಲಕ್ಕೆದ್ದಿತು. ಬೇಸಿಗೆಯಲ್ಲಿ ತಗಡಿನ ಸೂರಿನ ಮೇಲೆ ಝಳ ಏಳುತ್ತದಲ್ಲ, ಹಾಗೆ ಬಣ್ಣವಿಲ್ಲದೆ ನಡುಗುತ್ತಾ ಮೇಲಕ್ಕೆ ಹೋಯಿತು. ಅದರ ಮೂಲಕ ಬಂಡೆ, ಮೀನು, ನಿನ್ನ ಮುಖ ಎಲ್ಲವೂ ಕರಗಿದ ಹಾಗೆ ಕಂಡವು. ಬಾಯಲ್ಲಿ ಉಸಿರಿನ ಕೊಳವೆಯ ರಬ್ಬರ್ ಕಚ್ಚಿಕೊಂಡೇ "ಬಾ, ಮನೆಗೆ ಬಾ" ಎಂದೆ. ಗುಳ್ಳೆಗಳಷ್ಟೇ ಬಂದವು. ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ.

ನಿನ್ನೆ ಮಧ್ಯಾಹ್ನ ಮೂರನೇ ಕೋಣೆ ಗುಡಿಸಿ, ಆಯಾಸವಾಗಿ, ಕಲ್ಲು ಮಲಗಿದ್ದ ಮಂಚದ ಮೇಲೇ ಸ್ವಲ್ಪ ಒರಗಿದೆ. ಹಿಂಬಾಗಿಲು ಸದ್ದಾಯಿತು. ನೀಲಿ ಅಂಚಿನ ಮಗ್ಗು ಹಿಡಿದು ನಿಂತಿದ್ದ. ಕಾಲ ಬುಡದಲ್ಲಿ ನೀರು ಹರಿದು ನನ್ನ ಒರೆಸಿದ ನೆಲವೆಲ್ಲ ಹಾಳು.

"ಕರ್ದೆಯಾ?" ಎಂದ.

"ಕರ್ದೆ. ಎಷ್ಟೊತ್ತು ಮಾಡ್ದೆ!" ಎಂದೆ.

ಮಗ್ಗು ತುಂಬಿಸಿ ಕೊಟ್ಟೆ. ಕುಡಿದ. ಮತ್ತೆ ಕೊಟ್ಟೆ. ಏಳು ಮಗ್ಗು ಕುಡಿದ ತಮ್ಮಾ, ಎಣಿಸಿದೆ. ಕುಡಿಯುತ್ತಾ ಕುಡಿಯುತ್ತಾ ಕೂದಲು ಒಣಗುತ್ತಾ ಬಂತು. ಮದುವೆಯ ದಿನ ಯಾವತ್ತು ಹೇಳು ಎಂದೆ. ತಪ್ಪು ಹೇಳಿದ. ಅವನೇ, ಅನುಮಾನವಿಲ್ಲ. ಹೋಗುವಾಗ ಶೆಡ್ಡಿನ ಕಡೆ ನೋಡಿ, "ಏಳನ್ನ ಯಾಕೆ ಖಾಲಿ ನಿಲ್ಸಿದೀಯಾ? ತುಂಬ್ಸು, ಯಾರಾದ್ರೂ ಉಸಿರಾಡ್ಲಿ" ಎಂದ. ಎಂಟು ವರ್ಷ ನಿಂತ ಸಿಲಿಂಡರನ್ನು ಹಾಗೇ ತುಂಬಲಾಗದು. ಶನಿವಾರದ ದೋಣಿಯಲ್ಲಿ ಗ್ರೆನೇಡಾಕ್ಕೆ ಪರೀಕ್ಷೆಗೆ ಕಳಿಸುತ್ತೇನೆ.

ಅತ್ತೆಗೆ ಇನ್ನೂ ಹೇಳಿಲ್ಲ, ಮೊದಲು ನಿನಗೇ ಬರೆಯೋಣ ಎನಿಸಿತು. ನಾನು ಮೊದಲೊಂದು ಸಲ ನಿನಗೆ ಕನಸು ಬರೆದಿದ್ದೆ, ನೀನು ನಂಬಲಿಲ್ಲ, ಸರಿಯಾಗಿಯೇ ಮಾಡಿದೆ.

ಈ ಸಲ ನಂಬು. ಅವನು ಉಪ್ಪು ಕೇಳಲಿಲ್ಲ.

ನಿನ್ನ ಅಕ್ಕ
ಜಿಲ್ಮಾ